ತೀರಿಹೋದ ಶಾಸಕರ ಮಾತು ಅವರ ಊರಿಗೆ ಸಿಗಲಿ: ಸಭಾಧ್ಯಕ್ಷರಿಗೆ ಕೋಲಾರದಿಂದ ಒಂದು ಬಹಿರಂಗ ಪತ್ರ

ಮಾನ್ಯ ವಿಧಾನಸಭಾಧ್ಯಕ್ಷರೇ, ಕೋಲಾರ ಜಿಲ್ಲೆಯ ಆರೂ ಕ್ಷೇತ್ರಗಳ ಶಾಸಕರೇ,

ನಮಸ್ಕಾರ.

ಅಧಿವೇಶನ ಶುರುವಾಗುವಾಗ ಸದನದಲ್ಲಿ ಸಂತಾಪ ಸೂಚನೆ ಓದುತ್ತೀರಿ. ಈಚೆಗೆ ತೀರಿಕೊಂಡ ಮಾಜಿ ಸದಸ್ಯರ ಹೆಸರು, ಹುಟ್ಟಿದ ಊರು, ಗೆದ್ದ ಕ್ಷೇತ್ರ, ನೋಡಿಕೊಂಡ ಖಾತೆ. ಆಮೇಲೆ ಎರಡೂ ಕಡೆಯವರು ಎದ್ದು ನಾಲ್ಕು ಮಾತು ಆಡುತ್ತಾರೆ. ಸರಳ ಜೀವಿ. ಸಜ್ಜನ. ಅಜಾತಶತ್ರು. ಬಡವರ ಬಂಧು. ಒಂದು ನಿಮಿಷ ಮೌನ. ಅಲ್ಲಿಗೆ ಮುಗಿಯಿತು.

ಟಿವಿಯಲ್ಲಿ ನಾನು ಇದನ್ನು ಆಸಕ್ತಿಯಿಂದ ನೋಡುತ್ತೇನೆ. ಗಲಾಟೆ ಇಲ್ಲದ ಕಲಾಪ ಅದೊಂದೇ ಅನ್ನುವುದೂ ಕಾರಣ ಇರಬಹುದು. ಆದರೆ ಯಾರಾದರೂ ಎದ್ದು, ಇವರು ಇದೇ ಸದನದಲ್ಲಿ ಇಂಥ ದಿನ ಇಂಥ ಪ್ರಶ್ನೆ ಕೇಳಿದ್ದರು, ಮಂತ್ರಿಗಳು ಹೀಗೆ ಉತ್ತರ ಕೊಟ್ಟಿದ್ದರು ಎಂದು ನಡಾವಳಿಯ ಪುಟ ತೆರೆದು ಓದಿದ್ದನ್ನು ನಾನು ಕೇಳಿಲ್ಲ. ಶಾಸಕ ಅಂದರೆ ಸದನದಲ್ಲಿ ಮಾತಾಡಲು ಜನ ಕಳಿಸಿದ ಮನುಷ್ಯ. ಆ ಮನುಷ್ಯ ತೀರಿಕೊಂಡ ದಿನ ಸದನದಲ್ಲಿ ಎಲ್ಲದರ ಬಗ್ಗೆ ಮಾತಾಗುತ್ತದೆ, ಅವರು ಆಡಿದ ಮಾತೊಂದನ್ನು ಬಿಟ್ಟು.

ಅದನ್ನೇ ಕೇಳಲು ಈ ಪತ್ರ. ತೀರಿಹೋದ ಶಾಸಕರು ಸದನದಲ್ಲಿ ಏನು ಹೇಳಿದರೋ ಅದನ್ನು ಕನ್ನಡದಲ್ಲಿ ಅಚ್ಚು ಹಾಕಿ ಅವರ ಊರಿಗೆ ಕೊಡಿ. ಕೋಲಾರದಿಂದ ಶುರು ಮಾಡಿ. ಯಾಕೆ ಕೋಲಾರ ಅಂತ ಕೇಳಿದರೆ, ನಮಗೆ ಇಬ್ಬರು ಇದ್ದಾರೆ. ಆ ಇಬ್ಬರ ಹೆಸರು ಎಲ್ಲರಿಗೂ ಗೊತ್ತು. ಮಾತು ಮಾತ್ರ ಯಾರಿಗೂ ಗೊತ್ತಿಲ್ಲ.

ಮೊದಲನೆಯವರು ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿ. ಕೆ.ಸಿ. ರೆಡ್ಡಿ. 1902ರ ಮೇ 4ರಂದು ಹುಟ್ಟಿದರು. ಕ್ಯಾಸಂಬಳ್ಳಿ ಆಗ ಬಂಗಾರಪೇಟೆ ಕಡೆಗೆ ಸೇರಿತ್ತು, ಈಗ ಕೆಜಿಎಫ್ ತಾಲ್ಲೂಕು. ನಮ್ಮ ಗ್ರಂಥಾಲಯದಲ್ಲಿ ಕೆಪಿಎಸ್‌ಸಿ, ಪೊಲೀಸ್ ಪರೀಕ್ಷೆಗೆ ಓದುವ ಯಾವ ಹುಡುಗನನ್ನು ಬೇಕಾದರೂ ಕೇಳಿ, ಮೈಸೂರಿನ ಮೊದಲ ಮುಖ್ಯಮಂತ್ರಿ ಯಾರು ಅಂತ. ಥಟ್ಟನೆ ಹೇಳುತ್ತಾನೆ. ಒಂದು ಮಾರ್ಕಿನ ಪ್ರಶ್ನೆ ಅದು. ಎರಡನೇ ಪ್ರಶ್ನೆ ಕೇಳಿ ನೋಡಿ, ಅವರು ಮುಖ್ಯಮಂತ್ರಿಯಾಗಿ ಏನು ಮಾಡಿದರು? ಸುಮ್ಮನಾಗುತ್ತಾನೆ. ಅದು ಸಿಲೆಬಸ್‌ನಲ್ಲಿ ಇಲ್ಲ. ಹುಡುಗನ ತಪ್ಪೇನೂ ಇಲ್ಲ.

ಅವರ ಕಥೆ ಮುಖ್ಯಮಂತ್ರಿ ಕುರ್ಚಿಗಿಂತ ಬಹಳ ಹಿಂದೆ ಶುರುವಾಗುತ್ತದೆ. ಕಾನೂನು ಓದಿ ಬಂದ ಯುವಕ 1930ರ ಸುಮಾರಿಗೆ ಗೆಳೆಯರ ಜೊತೆ ಸೇರಿ ಪ್ರಜಾಪಕ್ಷ ಕಟ್ಟಿದರು. ಹಳ್ಳಿ ಜನ, ರೈತರ ಕಷ್ಟ ಅದರ ಮುಖ್ಯ ವಿಷಯ. ಆ ಕಾಲದ ಮೈಸೂರಿನಲ್ಲಿ ರಾಜಕೀಯ ಅಂದರೆ ಬಹುಪಾಲು ಪಟ್ಟಣದ ಓದಿದವರ ಕೆಲಸ. ಆಮೇಲೆ ಪ್ರಜಾಮಿತ್ರ ಮಂಡಳಿ ಜೊತೆ ಸೇರಿ ಪ್ರಜಾ ಸಂಯುಕ್ತ ಪಕ್ಷ ಆಯಿತು. ಅದೂ ಕೆಲವೇ ವರ್ಷಗಳಲ್ಲಿ ಕಾಂಗ್ರೆಸ್ಸಿಗೆ ಸೇರಿತು. ಹೇಳುವಾಗ ಒಂದೇ ಸಾಲು. ಮೈಸೂರಿನ ಇತಿಹಾಸದಲ್ಲಿ ದೊಡ್ಡ ತಿರುವು ಇದು. ಇದಾಗದಿದ್ದರೆ ಕಾಂಗ್ರೆಸ್ಸಿಗೆ ಹಳ್ಳಿಯ ಬಾಗಿಲು ಅಷ್ಟು ಬೇಗ ತೆರೆಯುತ್ತಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ, ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರ ಗುಂಡು ಹಾರಿತು. ಆಗ ಗೌರಿಬಿದನೂರು ನಮ್ಮ ಕೋಲಾರ ಜಿಲ್ಲೆಯಲ್ಲೇ ಇತ್ತು. ಎಷ್ಟು ಜನ ಸತ್ತರು ಎಂಬುದರಲ್ಲಿ ಸರ್ಕಾರದ ಲೆಕ್ಕಕ್ಕೂ ಊರವರ ಲೆಕ್ಕಕ್ಕೂ ಇವತ್ತಿಗೂ ತಾಳೆ ಇಲ್ಲ. ಅದರ ಬಿಸಿಯಿಂದಲೇ ಸರ್ದಾರ್ ಪಟೇಲರು ಮೈಸೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿದರು. ಇದೆಲ್ಲ ಪಠ್ಯದಲ್ಲಿದೆ, ಮತ್ತೆ ಹೇಳುವುದಿಲ್ಲ.

1947ಕ್ಕೆ ಬನ್ನಿ. ದೇಶಕ್ಕೆ ಆಗಸ್ಟ್ 15ರಂದು ಸ್ವಾತಂತ್ರ್ಯ ಬಂತು. ಮೈಸೂರಿನಲ್ಲಿ ಇನ್ನೂ ದಿವಾನರ ಆಡಳಿತ. ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ ಚಳವಳಿ ಶುರುವಾಯಿತು. ಕಾಂಗ್ರೆಸ್ ಅಧ್ಯಕ್ಷರಾಗಿ ಕರೆ ಕೊಟ್ಟವರು ಕೆ.ಸಿ. ರೆಡ್ಡಿಯವರೇ. ಬೀದಿಯಲ್ಲಿ 'ಆರ್ಕಾಟ್ ಬಾಯ್ಕಾಟ್' ಘೋಷಣೆ. ದಿವಾನರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಆಗಿದ್ದರಲ್ಲ, ಅದಕ್ಕೆ. ರೆಡ್ಡಿಯವರನ್ನು ಬಂಧಿಸಿದರು. ಚಳವಳಿ ನಿಲ್ಲಲಿಲ್ಲ. ಅಕ್ಟೋಬರಿನಲ್ಲಿ ಅರಮನೆ ಒಪ್ಪಿತು. ಅಕ್ಟೋಬರ್ 25ರಂದು ಅದೇ ರೆಡ್ಡಿಯವರು ಮುಖ್ಯಮಂತ್ರಿ.

ಒಬ್ಬ ಮನುಷ್ಯ ಒಂದು ತಿಂಗಳು ಕೈದಿ, ಮುಂದಿನ ತಿಂಗಳು ಸರ್ಕಾರ. ಕೈದಿ ಮಾಡಿದ ಅಧಿಕಾರಿಗಳನ್ನೇ ಇಟ್ಟುಕೊಂಡು ಆಡಳಿತ ನಡೆಸಬೇಕು. ಮೇಲೆ ಮಹಾರಾಜರು ಇನ್ನೂ ಇದ್ದಾರೆ. ದೆಹಲಿಯಲ್ಲಿ ಸಂವಿಧಾನ ಇನ್ನೂ ಬರೆಯುತ್ತಿದ್ದಾರೆ. 1881ರಲ್ಲಿ ದಿವಾನ್ ರಂಗಾಚಾರ್ಲು ಕಾಲದಲ್ಲಿ ಹುಟ್ಟಿದ ಪ್ರಜಾಪ್ರತಿನಿಧಿ ಸಭೆ ಇನ್ನೂ ಉಸಿರಾಡುತ್ತಿದೆ. ಅದು ವಿಸರ್ಜನೆ ಆಗಿದ್ದು 1949ರ ಡಿಸೆಂಬರಿನಲ್ಲಿ. ಮೈಸೂರಿಗೇ ಬೇರೆ ಸಂವಿಧಾನ ಬರೆಯಲು ಇನ್ನೊಂದು ಸಭೆಯೂ ಕೂತಿತ್ತು. ಕೊನೆಗೆ ಬೇರೆ ಬೇಡ, ಭಾರತದ ಸಂವಿಧಾನವೇ ನಮಗೂ ಇರಲಿ ಎಂದಾಯಿತು. 1949ರ ನವೆಂಬರ್ 25ರಂದು ಜಯಚಾಮರಾಜ ಒಡೆಯರ್ ಅದನ್ನು ಒಪ್ಪಿ ಘೋಷಣೆ ಹೊರಡಿಸಿದರು.

ಈಗ ಯೋಚಿಸಿ. ಇಷ್ಟು ದೊಡ್ಡ ಬದಲಾವಣೆಯ ಹೊತ್ತಿನಲ್ಲಿ ಸರ್ಕಾರ ನಡೆಸಿದ ಮನುಷ್ಯ ಸದನದಲ್ಲಿ ಎದ್ದು ನಿಂತು ಏನು ಹೇಳಿದ್ದರು? ಅರಮನೆಯ ಖರ್ಚಿನ ಬಗ್ಗೆ ಕೇಳಿದವರಿಗೆ ಏನೆಂದರು? ಅಕ್ಕಿ ರೇಷನ್ ಬಗ್ಗೆ, ರೈತರಿಂದ ಸರ್ಕಾರ ಕಡ್ಡಾಯವಾಗಿ ಧಾನ್ಯ ಪಡೆಯುತ್ತಿದ್ದ ಲೇವಿ ಬಗ್ಗೆ? ಇದು ನನಗೆ ಅವರ ಹುಟ್ಟಿದ ದಿನಕ್ಕಿಂತ ಮುಖ್ಯ. ಹುಟ್ಟಿದ ದಿನ ಎಲ್ಲ ಗೈಡ್‌ಗಳಲ್ಲೂ ಇದೆ.

ವಿಧಾನಸೌಧದ ವಿಚಾರವೇ ತಗೊಳ್ಳಿ. ನೀವು ದಿನಾ ಹತ್ತುವ ಮೆಟ್ಟಿಲು ಅದು. ನೆಹರು ಶಂಕುಸ್ಥಾಪನೆ ಮಾಡಿದ್ದು 1951ರ ಜುಲೈ 13ರಂದು. ಆಗ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ. ಆಗಿನ ನಕ್ಷೆ ಸಾಧಾರಣವಾದದ್ದು. ಅದನ್ನು ಬದಲಾಯಿಸಿ ಈಗಿನ ಭವ್ಯ ರೂಪ ಕೊಟ್ಟವರು ಅವರ ನಂತರ ಬಂದ ಕೆಂಗಲ್ ಹನುಮಂತಯ್ಯ. ಕಟ್ಟಡ 1956ರಲ್ಲಿ ಮುಗಿಯಿತು. ಕೆಂಗಲ್ ಅವರ ಹಠ ಇಲ್ಲದಿದ್ದರೆ ಆ ಚೆಲುವು ಇರುತ್ತಿರಲಿಲ್ಲ, ನಮ್ಮ ಜಿಲ್ಲೆಯವನಾಗಿ ನಾನೂ ಇದನ್ನು ಒಪ್ಪುತ್ತೇನೆ. ಕಟ್ಟಡದ ಹೆಸರು ಕೆಂಗಲ್ ಅವರಿಗೇ ಇರಲಿ. ಆದರೆ ಚುನಾವಣೆಯಿಂದ ಬಂದ ಸದನಕ್ಕೆ ದಾರಿ ಮಾಡಿಕೊಟ್ಟ ಸರ್ಕಾರ ಯಾವುದು ಎಂದು ಹೇಳುವುದಕ್ಕೆ ಕಲ್ಲು ಬೇಕಾಗಿಲ್ಲ, ಕಾಗದ ಸಾಕು.

ಆಮೇಲೆ ಅವರು ಜಾಸ್ತಿ ದೆಹಲಿಯಲ್ಲೇ ಇದ್ದರು. ರಾಜ್ಯಸಭೆ, ಕೇಂದ್ರದಲ್ಲಿ ಉತ್ಪಾದನಾ ಖಾತೆ, 1957ರಲ್ಲಿ ಕೋಲಾರದಿಂದ ಲೋಕಸಭೆ, ಮತ್ತೆ ಮಂತ್ರಿ. 1965ರಿಂದ 1971ರವರೆಗೆ ಮಧ್ಯಪ್ರದೇಶದ ರಾಜ್ಯಪಾಲರು. 1976ರ ಫೆಬ್ರವರಿ 27ರಂದು ತೀರಿಕೊಂಡರು.

ಎರಡನೆಯವರು ಟಿ. ಚನ್ನಯ್ಯ.

ಈ ಹೆಸರು ಕೋಲಾರದವರು ವಾರಕ್ಕೆ ಒಂದು ಸಲವಾದರೂ ಹೇಳುತ್ತಾರೆ. ರಾಜ್ಯೋತ್ಸವ ಎಲ್ಲಿ? ಚನ್ನಯ್ಯ ರಂಗಮಂದಿರದಲ್ಲಿ. ಜಯಂತಿ ಎಲ್ಲಿ, ನೌಕರರ ಸಭೆ ಎಲ್ಲಿ, ನಾಟಕ ಎಲ್ಲಿ, ಮಕ್ಕಳ ಪ್ರತಿಭಾ ಪುರಸ್ಕಾರ ಎಲ್ಲಿ? ಅಲ್ಲೇ. ಆಹ್ವಾನ ಪತ್ರಿಕೆಯಲ್ಲಿ ಅವರ ಹೆಸರು ಸ್ಥಳ ಎಂಬ ಕಾಲಮ್ಮಿನ ಎದುರು ಇರುತ್ತದೆ. ಮನುಷ್ಯ ಹೋಗಿ ವಿಳಾಸ ಆಗಿಬಿಟ್ಟಿದ್ದಾರೆ.

ಆ ಮನುಷ್ಯ ಭಾರತದ ಸಂವಿಧಾನ ರಚನಾ ಸಭೆಯಲ್ಲಿ ಕೂತಿದ್ದವರು. ಮೈಸೂರು ಸಂಸ್ಥಾನದಿಂದ ಆ ಸಭೆಗೆ ಹೋದವರು ಏಳು ಜನ. ಕೆ.ಸಿ. ರೆಡ್ಡಿ, ಟಿ. ಸಿದ್ದಲಿಂಗಯ್ಯ, ಕೆಂಗಲ್ ಹನುಮಂತಯ್ಯ, ಎಚ್. ಸಿದ್ದವೀರಪ್ಪ, ಎಸ್.ವಿ. ಕೃಷ್ಣಮೂರ್ತಿ ರಾವ್, ಎಚ್.ಆರ್. ಗುರುವ ರೆಡ್ಡಿ, ಮತ್ತೆ ನಮ್ಮ ಚನ್ನಯ್ಯ.

1948ರ ನವೆಂಬರ್ 30. ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ಕೊಡುವ ವಿಧಿ ಆ ದಿನ ಚರ್ಚೆಗೆ ಬಂತು. ಕರಡಿನಲ್ಲಿ ಅದು 10ನೇ ವಿಧಿ, ಈಗ ನಾವು 16 ಅನ್ನುತ್ತೇವೆ. ಹಿಂದುಳಿದವರಿಗೆ ಮೀಸಲಾತಿ ಎಂದು ಬರೆದಿದ್ದರು. ಉತ್ತರ ಭಾರತದ ಹಲವರಿಗೆ ಇದು ಒಗಟು. ಯಾರು ಇವರು, ಎಲ್ಲಿ ಗೆರೆ ಎಳೆಯುತ್ತೀರಿ ಎಂದು ಕೇಳಿದರು. ಹೃದಯನಾಥ ಕುಂಜ್ರು ಅವರಂಥವರು ಇದಕ್ಕೆ ಹತ್ತು ವರ್ಷದ ಗಡುವು ಇರಲಿ ಎಂದರು. ಕರಡು ಸಮಿತಿಯ ಕೆ.ಎಂ. ಮುನ್ಶಿ ಸಮಜಾಯಿಷಿ ಕೊಟ್ಟರು. ಕೊನೆಗೆ ಅಂಬೇಡ್ಕರ್ ಉತ್ತರಿಸಿದರು.

ಆ ಚರ್ಚೆಯ ಮಧ್ಯೆ ಎದ್ದವರಲ್ಲಿ ಚನ್ನಯ್ಯ ಒಬ್ಬರು. ದಕ್ಷಿಣದಲ್ಲಿ ಇದು ಗೊಂದಲದ ವಿಷಯವೇ ಅಲ್ಲ ಎಂಬುದು ಅವರ ಮಾತಿನ ತಿರುಳು. ಓದಿನಲ್ಲಿ ಹಿಂದೆ ಉಳಿದ ಜನ ಇದ್ದಾರೆ, ಸಮಾಜ ಹಿಂದೆ ತಳ್ಳಿದ ಜನ ಇದ್ದಾರೆ, ಇಬ್ಬರಿಗೂ ನೌಕರಿಯಲ್ಲಿ ತಕ್ಕ ಪಾಲು ಬೇಕು ಎಂದರು.

ಇದು ಅವರು ಪುಸ್ತಕದಲ್ಲಿ ಓದಿ ಹೇಳಿದ್ದಲ್ಲ. ಮೈಸೂರಿನಲ್ಲಿ ಪ್ರಜಾಮಿತ್ರ ಮಂಡಳಿ 1917ರಲ್ಲೇ ಈ ಮಾತು ಎತ್ತಿತ್ತು. ಮರುವರ್ಷ ನಾಲ್ವಡಿ ಕೃಷ್ಣರಾಜ ಒಡೆಯರ್ ಹಿಂದುಳಿದವರಿಗೆ ನೌಕರಿಯಲ್ಲಿ ಪಾಲು ಕೊಡುವ ಬಗ್ಗೆ ವರದಿ ಕೊಡಲು ಮಿಲ್ಲರ್ ಸಮಿತಿ ಮಾಡಿದರು. ಆ ವಿಚಾರದಲ್ಲಿ ಭಿನ್ನಾಭಿಪ್ರಾಯ ಬಂದು ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟರು. 1920ರ ದಶಕದಿಂದ ಮೈಸೂರಿನಲ್ಲಿ ಹಿಂದುಳಿದವರಿಗೆ ನೌಕರಿಯಲ್ಲಿ ಪಾಲು ಸಿಗತೊಡಗಿತು. ದೆಹಲಿಯ ಸಭೆ 1948ರಲ್ಲಿ ಇದು ಸಾಧ್ಯವೇ ಎಂದು ತಲೆ ಕೆರೆದುಕೊಳ್ಳುವಾಗ, ನಮ್ಮ ಕಡೆ ಅದು ಇಪ್ಪತ್ತು ವರ್ಷ ಹಳೆಯ ರೂಢಿ. ಚನ್ನಯ್ಯ ಅಲ್ಲಿ ಹೇಳಿದ್ದು ಕಣ್ಣಾರೆ ಕಂಡದ್ದನ್ನು.

1992ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹಿಂದುಳಿದವರ ಮೀಸಲಾತಿ ಕುರಿತ ಮಂಡಲ್ ತೀರ್ಪು ಕೊಡುವಾಗ ಸಂವಿಧಾನ ಸಭೆಯ ಆ ದಿನದ ಚರ್ಚೆಯನ್ನು ತಿರುವಿ ಹಾಕಿತು. ಹಿಂದುಳಿದವರು ಅಂದರೆ ಯಾರು ಎಂದು ಬರೆದವರ ಮನಸ್ಸಿನಲ್ಲಿ ಏನಿತ್ತು ಎಂದು ತಿಳಿಯಲು ಅದು ಬೇಕಾಯಿತು. ದೇಶದ ದೊಡ್ಡ ಕೋರ್ಟಿಗೆ ಬೇಕಾದ ಪುಟಗಳು ಅವು. ರಂಗಮಂದಿರದಲ್ಲಿ ಜಾತಿ ಪ್ರಮಾಣ ಪತ್ರದ ಬಗ್ಗೆ, ಒಳಮೀಸಲಾತಿ ಬಗ್ಗೆ, ಯಾವ ಹುದ್ದೆ ಯಾವ ವರ್ಗಕ್ಕೆ ಎಂದು ಹಂಚುವ ರೋಸ್ಟರ್ ಬಗ್ಗೆ ಭಾಷಣ ಮಾಡುವವರಿಗೂ, ಕೇಳುವವರಿಗೂ ಬೇಡವೇ? ಆ ಕಟ್ಟಡದ ಮೇಲೆ ಯಾರ ಹೆಸರಿದೆಯೋ ಅವರೇ ಈ ವಿಷಯದಲ್ಲಿ ಮಾತಾಡಿದ್ದರು ಎಂದು ಅಲ್ಲಿ ಕೂತ ಎಷ್ಟು ಜನಕ್ಕೆ ಗೊತ್ತು? ನನಗೆ ಬೇಜಾರು ಇಲ್ಲೇ.

ಬರಹಗಾರರ ವಿಷಯದಲ್ಲಿ ಹೀಗಾಗುವುದಿಲ್ಲ. ಮುಳಬಾಗಿಲಿನ ಡಿವಿಜಿಯವರೂ ಮೈಸೂರು ಲೆಜಿಸ್ಲೇಟಿವ್ ಕೌನ್ಸಿಲಿನ ಸದಸ್ಯರಾಗಿದ್ದವರು. ಅವರ ಪದ್ಯ ಬಾಯಿಪಾಠ ಇರುವವರು ಊರಿಗೆ ಹತ್ತು ಜನ ಸಿಗುತ್ತಾರೆ. ಕೌನ್ಸಿಲಿನಲ್ಲಿ ಏನು ಮಾತಾಡಿದರು ಎಂದು ಅದೇ ಹತ್ತು ಜನರನ್ನು ಕೇಳಿ ನೋಡಿ.

ಇನ್ನು ಹತ್ತಿರದ ಕಾಲಕ್ಕೆ ಬಂದರೆ ಸಿ. ಬೈರೇಗೌಡರು ಇದ್ದಾರೆ. ವೇಮಗಲ್‌ನಿಂದ ಮತ್ತೆ ಮತ್ತೆ ಗೆದ್ದವರು. ಕೃಷಿ ಮಂತ್ರಿಯಾಗಿದ್ದವರು. 2003ರಲ್ಲಿ ತೀರಿಕೊಂಡರು. ಐದು ವರ್ಷಕ್ಕೆ ಅವರ ಕ್ಷೇತ್ರವೂ ಹೋಯಿತು. 2008ರ ಮರುವಿಂಗಡಣೆಯಲ್ಲಿ ವೇಮಗಲ್ ಕ್ಷೇತ್ರ ಇಲ್ಲವಾಯಿತು, ಬೇತಮಂಗಲವೂ ಇಲ್ಲವಾಯಿತು. ಈ ಕ್ಷೇತ್ರಗಳಿಂದ ಹೋದವರನ್ನು ಈಗ ಯಾವ ಶಾಸಕರು ತಮ್ಮವರು ಅಂತ ನೆನೆಯಬೇಕು? ಕೊಳವೆಬಾವಿ ಸಾವಿರ ಅಡಿ ದಾಟಿದ ಜಿಲ್ಲೆ ಇದು. ಇಲ್ಲಿಂದ ಹೋದ ಕೃಷಿ ಮಂತ್ರಿಯೊಬ್ಬರು ಸದನದಲ್ಲಿ ಕೊಟ್ಟ ಉತ್ತರಗಳು ಇವತ್ತಿನ ರೈತನಿಗೆ ಓದಲು ಸಿಗಬೇಕು. ಕೊಟ್ಟ ಭರವಸೆಗಳೂ ಸಿಗಬೇಕು. ಈಡೇರಿದವು ಎಷ್ಟು, ಉಳಿದವು ಎಷ್ಟು ಎಂದು ಅವನೇ ಲೆಕ್ಕ ಹಾಕಿಕೊಳ್ಳುತ್ತಾನೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡುತ್ತೇನೆ. ನಾನು ಕೇಳುತ್ತಿರುವುದು ಅಭಿನಂದನ ಗ್ರಂಥ ಅಲ್ಲ. ಅಂಥವು ಬೇಕಾದಷ್ಟು ಬಂದಿವೆ. ಹಾರ ಹಾಕಿಸಿಕೊಂಡ ಫೋಟೊ, ಮಠಾಧೀಶರ ಆಶೀರ್ವಚನ, ಅಳಿಯನ ಲೇಖನ. ಅದು ಮನೆಯವರ ಕೆಲಸ, ಮಾಡಿಕೊಳ್ಳಲಿ. ನಿಮ್ಮ ಸಚಿವಾಲಯದ ಹತ್ತಿರ ಬೇರೆ ಯಾರ ಹತ್ತಿರವೂ ಇಲ್ಲದ ವಸ್ತು ಇದೆ. ಸದನದ ನಡಾವಳಿ. ಶೀಘ್ರಲಿಪಿಯಲ್ಲಿ ಬರೆದುಕೊಂಡು, ತಿದ್ದಿ, ಸಂಪುಟ ಮಾಡಿ ಇಟ್ಟದ್ದು. ಚುಕ್ಕೆ ಗುರುತಿನ ಪ್ರಶ್ನೆ, ಶೂನ್ಯ ವೇಳೆ, ಗಮನ ಸೆಳೆಯುವ ಸೂಚನೆ, ಬಜೆಟ್ ಮೇಲಿನ ಮಾತು, ಎಲ್ಲ ಅದರಲ್ಲಿದೆ. ಈಗ ನಮಗೆ ಗೊತ್ತಾಗುವುದು ಕಡತದಿಂದ ತೆಗೆದು ಹಾಕಿ ಎಂದು ನೀವು ಹೇಳಿದ ಮಾತು ಮಾತ್ರ. ಅದು ಸಂಜೆಯೊಳಗೆ ಎಲ್ಲರ ಫೋನಿಗೂ ಬಂದಿರುತ್ತದೆ. ಕಡತದಲ್ಲಿ ಉಳಿದದ್ದು ಏನು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಹಾಗಾಗಿ ಒಂದು ಪದ್ಧತಿ ಮಾಡಿ. ಸಂತಾಪ ಸೂಚನೆ ಓದಿದ ಪ್ರತಿಯೊಬ್ಬ ಸದಸ್ಯರಿಗೂ ಒಂದು ವರ್ಷದೊಳಗೆ ಒಂದು ಪುಸ್ತಿಕೆ ಬರಲಿ. ಅವರ ಪ್ರಶ್ನೆ, ಅವರ ಮಾತು, ಅವರಿಗೆ ಸಿಕ್ಕ ಉತ್ತರ. ಆಯ್ಕೆ ಮಾಡುವಾಗ ಒಳ್ಳೆಯದನ್ನೇ ಹುಡುಕಬೇಡಿ. ಸೋತ ವಾದವೂ ಇರಲಿ. ಐದು ವರ್ಷ ಬಾಯಿ ಬಿಡದವರ ಪುಸ್ತಿಕೆ ನಾಲ್ಕೇ ಪುಟ ಆಗುತ್ತದೆ, ಆಗಲಿ. ಈಗ ಕೂತಿರುವವರಿಗೂ ಅದೊಂದು ಎಚ್ಚರಿಕೆ, ಅಲ್ವಾ?

ಹಳೆಯವರಲ್ಲಿ ಕೆ.ಸಿ. ರೆಡ್ಡಿಯವರಿಂದ ಶುರು ಮಾಡಿ. 1947ರ ಅಕ್ಟೋಬರಿನಿಂದ 1952ರ ಮಾರ್ಚ್‌ವರೆಗೆ ಮುಖ್ಯಮಂತ್ರಿಯಾಗಿ ಅವರು ಆಡಿದ ಮಾತು ಒಂದು ಸಂಪುಟ. ಜೊತೆಗೆ ಎದುರಿನವರು ಅವರಿಗೆ ಹಾಕಿದ ಪ್ರಶ್ನೆಗಳೂ ಬರಬೇಕು. ಪ್ರಶ್ನೆ ಇಲ್ಲದೆ ಬರೀ ಉತ್ತರ ಅಚ್ಚು ಹಾಕಿದರೆ ಅದು ಮತ್ತೆ ಅಭಿನಂದನ ಗ್ರಂಥವೇ. ಚನ್ನಯ್ಯನವರದಕ್ಕೆ ಸಂಪುಟದವರೆಗೆ ಕಾಯಬೇಕಾಗಿಲ್ಲ. 1948ರ ನವೆಂಬರ್ 30ರ ಅವರ ಭಾಷಣ ಚಿಕ್ಕದು. ಸಂಸತ್ತಿನ ದಾಖಲೆಯಲ್ಲಿ ಇಂಗ್ಲಿಷಿನಲ್ಲಿದೆ. ಅದನ್ನು ಒಳ್ಳೆಯ ಕನ್ನಡಕ್ಕೆ ತಂದು ರಂಗಮಂದಿರದ ಒಳಗೆ ಹೋಗುವ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಹಾಕಬಹುದು. ಕಾರ್ಯಕ್ರಮ ಹೇಗೂ ಒಂದು ಗಂಟೆ ತಡವಾಗಿ ಶುರುವಾಗುತ್ತದೆ. ಕಾಯುವವರು ಓದಿಕೊಳ್ಳುತ್ತಾರೆ.

ದುಡ್ಡಿನ ಮಾತು. ಶಾಸಕರ ಸ್ಥಳೀಯ ಪ್ರದೇಶ ಅಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಅದರಲ್ಲಿ ಸ್ವಾಗತ ಕಮಾನು ಬರುತ್ತದೆ, ಹೈಮಾಸ್ಟ್ ದೀಪ ಬರುತ್ತದೆ, ಬಸ್ ತಂಗುದಾಣದ ಮೇಲೆ ಶಾಸಕರದ್ದೇ ಹೆಸರು ಬರುತ್ತದೆ. ಇನ್ನೊಂದು ಕಡೆ, ಆಸ್ತಿ ತೆರಿಗೆ ಕಟ್ಟುವಾಗ ನಾವೆಲ್ಲ 100ಕ್ಕೆ 6 ರೂಪಾಯಿ ಗ್ರಂಥಾಲಯ ಕರ ಕಟ್ಟುತ್ತೇವೆ. 1965ರ ಕಾಯ್ದೆಯಿಂದ ಬಂದದ್ದು ಅದು. ನಮ್ಮ ಜಿಲ್ಲೆಯ ಶಾಸಕರ ಮಾತು ನಮ್ಮ ಗ್ರಂಥಾಲಯದಲ್ಲಿ ಇರಲಿ ಎಂದು ಕೇಳುವ ಹಕ್ಕು ಆ 6 ರೂಪಾಯಿಯಲ್ಲಿ ಸೇರಿದೆ ಎಂದುಕೊಂಡಿದ್ದೇನೆ. ಒಂದು ಪ್ರತಿಮೆಗೆ ಆಗುವ ಖರ್ಚಿನಲ್ಲಿ ಜಿಲ್ಲೆಯ ಎಲ್ಲ ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಿಗೂ, ಅಂದರೆ ಹಳ್ಳಿಯ ಗ್ರಂಥಾಲಯಗಳಿಗೂ, ಒಂದೊಂದು ಪ್ರತಿ ಕಳಿಸಬಹುದು.

ಯಾರು ಓದುತ್ತಾರೆ ಎಂದು ನಿಮ್ಮ ಅಧಿಕಾರಿಗಳು ಕೇಳಬಹುದು. ಎಲ್ಲರೂ ಓದುವುದಿಲ್ಲ, ನಿಜ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವನು ನಾನು. ಶಾಸಕಾಂಗ ಅಂದರೆ ಏನು ಅನ್ನುವ ಪಾಠಕ್ಕೆ ನನ್ನ ಹತ್ತಿರ ಇದ್ದದ್ದು ವಿಧಾನಸೌಧದ ಚಿತ್ರ ಮತ್ತು 224 ಎಂಬ ಅಂಕಿ. ಮಕ್ಕಳಿಗೆ ತಮ್ಮ ಊರಿನ ಮನುಷ್ಯ ಸದನದಲ್ಲಿ ಕೇಳಿದ ಒಂದು ಪ್ರಶ್ನೆ, ಬಂದ ಒಂದು ಉತ್ತರ ಓದಿ ಹೇಳಿದ್ದರೆ ಆ ಪಾಠ ಬೇರೆ ಥರ ಆಗುತ್ತಿತ್ತು. ಕ್ಯಾಸಂಬಳ್ಳಿಯ ಶಾಲೆಯಲ್ಲಿ ಕೆ.ಸಿ. ರೆಡ್ಡಿಯವರ ಮಾತನ್ನೇ ಓದಬಹುದಲ್ಲ.

ಭಾಷೆಯ ಕಷ್ಟ ಇದೆ ಎಂದು ಗೊತ್ತು. ಆ ಕಾಲದ ದಾಖಲೆಯಲ್ಲಿ ಇಂಗ್ಲಿಷ್ ಜಾಸ್ತಿ. ಅನುವಾದಕ್ಕೆ ಜನ ಬೇಕು. ಕೋಲಾರದಲ್ಲಿ ನಿವೃತ್ತ ಮೇಷ್ಟ್ರುಗಳು, ವಕೀಲರು, ಪತ್ರಕರ್ತರು ಬೇಕಾದಷ್ಟು ಇದ್ದೇವೆ. ಚನ್ನಯ್ಯನವರ ಭಾಷಣದ ಕನ್ನಡ ಕರಡು ನಾವೇ ಮಾಡಿ ಕಳಿಸುತ್ತೇವೆ, ನಿಮ್ಮ ಸಚಿವಾಲಯದ ಅನುವಾದಕರು ನೋಡಿ ತಿದ್ದಿಕೊಡಲಿ. ಕೆ.ಸಿ. ರೆಡ್ಡಿಯವರ ಸಂಪುಟಕ್ಕೆ ಮಾತ್ರ ಮೂಲ ಪುಟಗಳ ಪ್ರತಿ ನಿಮ್ಮಿಂದಲೇ ಬರಬೇಕು. ಮೊದಲ ಕಂತಾಗಿ 1947ರಿಂದ 1949ರವರೆಗಿನ ಪುಟಗಳನ್ನು ಕೋಲಾರದ ಜಿಲ್ಲಾ ಕೇಂದ್ರ ಗ್ರಂಥಾಲಯದ ವಿಳಾಸಕ್ಕೆ ಕಳಿಸಿಕೊಡಲು ಆದೇಶ ಮಾಡಿ. ನಮ್ಮ ಆರೂ ಶಾಸಕರಲ್ಲಿ ಯಾರಾದರೂ ಒಬ್ಬರು ಮುಂದಿನ ಅಧಿವೇಶನದಲ್ಲಿ ಇದನ್ನೇ ಒಂದು ಪ್ರಶ್ನೆಯಾಗಿ ಕೇಳಲಿ. ನೀವು ಕೊಡುವ ಉತ್ತರವೂ ನಡಾವಳಿಗೆ ಸೇರುತ್ತದೆ.

ಇಂತಿ,
ಕೋಲಾರದ ಒಬ್ಬ ನಿವೃತ್ತ ಮೇಷ್ಟ್ರು